ಹಳೆ ಎಚ್3 ಬೋರ್ಡಿಗೆ ಹೊಸ ಕರ್ನಲ್: ಲಿಂಕ್ ಇದೆ, ಪ್ಯಾಕೆಟ್ ಇಲ್ಲ

ಬೋರ್ಡು ಸಣ್ಣದು, ಒಂದೇ ಹಲಗೆಯ ಮೇಲಿನ ಕಂಪ್ಯೂಟರ್. ಆಲ್‌ವಿನ್ನರ್ ಎಚ್3 ಚಿಪ್, ಅದರಲ್ಲಿ ನಾಲ್ಕು ಕಾರ್ಟೆಕ್ಸ್-ಎ7 ಕೋರ್, 2 ಜಿಬಿ ರ‍್ಯಾಮ್, ಮೇಲೆ ಬೆಸುಗೆ ಹಾಕಿದ ಇಎಂಎಂಸಿ ಸ್ಟೋರೇಜ್ ಚಿಪ್, ಗಿಗಾಬಿಟ್ ಈಥರ್ನೆಟ್, ಒಂದಷ್ಟು ಯುಎಸ್‌ಬಿ 2.0 ಪೋರ್ಟು. ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿ ಬ್ಯಾಕಪ್ ಸರ್ವರ್ ಮಾಡುವುದು ನನ್ನ ಉದ್ದೇಶ. ಅದಕ್ಕೆ ಇಷ್ಟು ಹಾರ್ಡ್‌ವೇರ್ ಧಾರಾಳ ಸಾಕು. ತೊಂದರೆ ಇದ್ದದ್ದು ಜೊತೆಗೆ ಬಂದ ಸಾಫ್ಟ್‌ವೇರ್‌ನಲ್ಲಿ.

ಬೋರ್ಡಿನ ಜೊತೆ ಸಿಕ್ಕ ಇಮೇಜಿನಲ್ಲಿ ಇದ್ದದ್ದು ಲಿನಕ್ಸ್ 3.4 ಕರ್ನಲ್ (ಹಾರ್ಡ್‌ವೇರನ್ನು ನಡೆಸುವ, ಆಪರೇಟಿಂಗ್ ಸಿಸ್ಟಂನ ತಿರುಳು). ಲಿನಕ್ಸ್ 3.4 ಹೊರಬಂದದ್ದು 2012ರಲ್ಲಿ, ಅದಕ್ಕೆ ಕೊನೆಯ ರಿಪೇರಿ ಬಿಡುಗಡೆ ಬಂದದ್ದು 2016ರಲ್ಲಿ. ಅಲ್ಲಿಂದ ಈಚೆಗೆ ಅದನ್ನು ಯಾರೂ ಮುಟ್ಟಿಲ್ಲ. ಸಾಲದು ಅಂತ, ಚಿಪ್ ಜೊತೆ ಕೊಡುತ್ತಿದ್ದ ಆ 3.4 ಕರ್ನಲ್‌ನ ಪ್ರಾಕ್ ಫೋಲ್ಡರ್ ಒಳಗೆ ಡೀಬಗ್‌ಗೆಂದು ಬಿಟ್ಟಿದ್ದ ಒಂದು ಫೈಲ್ ಇತ್ತು. ಅದಕ್ಕೆ 'ರೂಟ್‌ಮೈಡಿವೈಸ್' ಎಂಬ ಒಂದು ಪದ ಬರೆದರೆ ಸಾಕು, ಯಾವ ಪ್ರೋಗ್ರಾಂ ಆದರೂ ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿಬಿಡುತ್ತಿತ್ತು! 2016ರಲ್ಲಿ ಇದು ಬಯಲಾಯಿತು. ಇಂಥ ಕರ್ನಲ್ ಇಟ್ಟುಕೊಂಡು ನನ್ನ ಫೈಲುಗಳನ್ನೆಲ್ಲ ಅದರ ಕೈಗೆ ಕೊಡುವುದಕ್ಕೆ ನನಗೆ ಧೈರ್ಯ ಇಲ್ಲ.

ಹಾಗಾಗಿ ಗುರಿ ಸ್ಪಷ್ಟ: ಮುಖ್ಯ ಲಿನಕ್ಸ್ ಕರ್ನಲ್, ಮುಖ್ಯ ಯು-ಬೂಟ್ (ಕರ್ನಲ್ ಅನ್ನು ಎಬ್ಬಿಸುವ ಬೂಟ್ ಪ್ರೋಗ್ರಾಂ), ಮೇಲೆ ಡೆಬಿಯನ್ 13 ಎಂಬ ಲಿನಕ್ಸ್ ವಿತರಣೆ. ಯಾವುದೂ ಯಾರದೋ ಕವಲು ಪ್ರತಿ ಆಗಿರಬಾರದು. ಮುಂದೆ ಅಪ್‌ಡೇಟ್ ಬಂದಾಗ ಸುಮ್ನೆ ಅಪ್‌ಡೇಟ್ ಮಾಡಿದರೆ ಆಗಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಪಿಸಿಯಿಂದ ಈ ಕಡೆ ಬರುವವರು ಮೊದಲು ಎಡವುವುದೇ ಇಲ್ಲಿ. ಪಿಸಿಯಲ್ಲಿ ಒಂದೇ ಪೆನ್ ಡ್ರೈವ್ ಎಲ್ಲ ಕಂಪ್ಯೂಟರಿನಲ್ಲೂ ಬೂಟ್ ಆಗುತ್ತದೆ, ಅಲ್ವಾ? ಅಲ್ಲಿ ಹಾರ್ಡ್‌ವೇರ್ ತನ್ನ ಗುರುತನ್ನು ತಾನೇ ಹೇಳುತ್ತದೆ, ಉಳಿದದ್ದನ್ನು ಬಯೋಸ್ ಹೇಳುತ್ತದೆ. ಈ ಸಣ್ಣ ಆರ್ಮ್ ಬೋರ್ಡುಗಳಲ್ಲಿ ಹಾಗಿಲ್ಲ. ಈಥರ್ನೆಟ್‌ಗೆ ಕರೆಂಟ್ ಕೊಡುವ ಸ್ವಿಚ್ ಯಾವ ಪಿನ್ನಿಗೆ ಸೇರಿದೆ, ಎಲ್‌ಇಡಿ ಎಲ್ಲಿದೆ, ಕಾರ್ಡ್ ಒಳಗಿದೆಯೋ ಇಲ್ಲವೋ ಎಂದು ತಿಳಿಸುವ ತಂತಿ ಯಾವುದು, ಇದ್ಯಾವುದನ್ನೂ ಕರ್ನಲ್ ತಾನಾಗಿ ಕಂಡುಹಿಡಿಯಲು ಆಗುವುದಿಲ್ಲ. ಹಿಂದೆ ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲ್ ಬರೆದು ಕರ್ನಲ್ ಒಳಗೆ ತುರುಕುತ್ತಿದ್ದರು. 2011ರಲ್ಲಿ ಲಿನಕ್ಸ್ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಇದರ ಮೇಲೆ ಜೋರಾಗಿಯೇ ರೇಗಿದರು, ಆಮೇಲೆ ಆರ್ಮ್ ಲೋಕ ಡಿವೈಸ್ ಟ್ರೀ ಕಡೆಗೆ ಹೊರಳಿತು. ಡಿವೈಸ್ ಟ್ರೀ ಅಂದರೆ ಬೋರ್ಡಿನ ವೈರಿಂಗ್ ನಕ್ಷೆ, ಒಂದು ಪಠ್ಯ ಫೈಲಿನಲ್ಲಿ. ಅದನ್ನು ಕಂಪೈಲ್ ಮಾಡಿ ಬೂಟ್ ಹೊತ್ತಿಗೆ ಕರ್ನಲ್ ಕೈಗೆ ಕೊಡುತ್ತೇವೆ. ಆದ್ದರಿಂದಲೇ ಡೆಬಿಯನ್‌ನ ಆರ್ಮ್‌ಎಂಪಿ ಎಂಬ ಒಂದೇ ಕರ್ನಲ್ ಪ್ಯಾಕೇಜು ರಾಶಿ ರಾಶಿ ಬೋರ್ಡುಗಳ ಮೇಲೆ ಓಡುತ್ತದೆ. ಬೋರ್ಡಿನಿಂದ ಬೋರ್ಡಿಗೆ ಬದಲಾಗುವುದು ಡಿವೈಸ್ ಟ್ರೀ ಮತ್ತು ಯು-ಬೂಟ್ ಮಾತ್ರ.

'ಈ ಬೋರ್ಡಿಗೆ ಲಿನಕ್ಸ್ ಸಪೋರ್ಟ್ ಇದೆ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದಕ್ಕೆ ಜಾಸ್ತಿ ಅರ್ಥ ಇಲ್ಲ. ಕರ್ನಲ್ ಸೋರ್ಸಿನಲ್ಲಿ ಆ ಬೋರ್ಡಿನ ಹೆಸರಿನ ಡಿವೈಸ್ ಟ್ರೀ ಫೈಲ್ ಇದೆಯಾ, ಯು-ಬೂಟ್‌ನಲ್ಲಿ ಅದರ ಡೆಫ್‌ಕಾನ್ಫಿಗ್ (ಕಟ್ಟುವಾಗ ಬೇಕಾದ ಸೆಟ್ಟಿಂಗ್ ಫೈಲ್) ಇದೆಯಾ, ನಾನು ನೋಡುವುದು ಈ ಎರಡನ್ನೇ. ನನ್ನ ಬೋರ್ಡಿಗೆ ಎರಡೂ ಇರಲಿಲ್ಲ. ಆದರೆ ಹೆಚ್ಚುಕಡಿಮೆ ಇದೇ ರೀತಿಯ ಬೋರ್ಡುಗಳು ಅಲ್ಲಿ ಇದ್ದವು. ಲಿನಕ್ಸ್-ಸನ್‌ಕ್ಸಿ ಸಮುದಾಯದವರು ವರ್ಷಾನುಗಟ್ಟಲೆ ಕೂತು ಎಚ್3 ಚಿಪ್‌ನ ಒಂದೊಂದೇ ಭಾಗಕ್ಕೆ ಡ್ರೈವರ್ ಬರೆದು ಮುಖ್ಯ ಕರ್ನಲ್‌ಗೆ ಸೇರಿಸಿದ್ದಾರೆ. ಈಥರ್ನೆಟ್ ಡ್ರೈವರ್ 4.13ರಲ್ಲಿ ಒಳಗೆ ಹೋಯಿತು, ಡಿವೈಸ್ ಟ್ರೀ ಬರೆಯುವ ರೀತಿ ಸರಿಹೋಗದೆ ಬೋರ್ಡುಗಳಲ್ಲಿ ಅದು ಚಾಲೂ ಆಗಲು 4.15ರ ತನಕ ಕಾಯಬೇಕಾಯಿತು. ಮಾಲಿ-400 ಗ್ರಾಫಿಕ್ಸಿಗೆ ಲೀಮಾ ಡ್ರೈವರ್ 5.2ರಲ್ಲಿ, 2019ಕ್ಕೆ. ಚಿಪ್ ಬಿಸಿ ಅಳೆಯುವ ಡ್ರೈವರ್ 5.6ರಲ್ಲಿ, 2020ಕ್ಕೆ. ಬೋರ್ಡನ್ನು ಮಾರಿ ಎಷ್ಟೋ ಕಾಲ ಆದ ಮೇಲೂ ಈ ಕೆಲಸ ನಡೆದೇ ಇತ್ತು ಅನ್ನುವುದು ನನಗೆ ಬಹಳ ದೊಡ್ಡ ವಿಷಯ.

ಕೆಲಸ ಶುರು ಮಾಡಿದ್ದು ಸೀರಿಯಲ್ ಕನ್ಸೋಲಿನಿಂದ. ಇದಿಲ್ಲದೆ ಇಂಥ ಕೆಲಸಕ್ಕೆ ಕೈ ಹಾಕಲೇಬೇಡಿ. ಮಾನಿಟರಿನಲ್ಲಿ ಏನೂ ಕಾಣದಿದ್ದಾಗ ಬೋರ್ಡು ಎಲ್ಲಿ ನಿಂತಿದೆ ಎಂದು ಹೇಳುವುದು ಈ ಮೂರು ತಂತಿ ಮಾತ್ರ. ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ 3.3 ವೋಲ್ಟಿನದು ಇರಬೇಕು, 5 ವೋಲ್ಟಿನದು ಹಾಕಿದರೆ ಚಿಪ್ ಸುಟ್ಟುಹೋಗಬಹುದು. ಗ್ರೌಂಡ್‌ಗೆ ಗ್ರೌಂಡ್, ಟಿಎಕ್ಸ್‌ಗೆ ಆರ್‌ಎಕ್ಸ್, ಆರ್‌ಎಕ್ಸ್‌ಗೆ ಟಿಎಕ್ಸ್. ಅಡಾಪ್ಟರಿನ ಪವರ್ ಪಿನ್ನನ್ನು ಹಾಗೇ ಬಿಡಿ. ವೇಗ 115200. ಇನ್ನೊಂದು ಸೂಕ್ಷ್ಮ ಇದೆ: ಬೋರ್ಡಿನ ಪವರ್ ತೆಗೆದರೂ ಅಡಾಪ್ಟರಿನ ಸಿಗ್ನಲ್ ತಂತಿಯಿಂದ ಸ್ವಲ್ಪ ಕರೆಂಟ್ ಒಳಗೆ ನುಸುಳುತ್ತದೆ, ಆಗ ಬೋರ್ಡು ಪೂರ್ತಿ ಆಫ್ ಆಗದೆ ಅರೆಜೀವದಲ್ಲಿ ಇರುತ್ತದೆ. ರೀಬೂಟ್ ವಿಚಿತ್ರವಾಗಿ ಆಡಿದರೆ ಸೀರಿಯಲ್ ತಂತಿಯನ್ನೂ ಕಳಚಿ ನೋಡಿ.

ಮುಂದಿನದು ಪಿನ್ನುಗಳ ಪತ್ತೆ. ಹಳೆಯ 3.4 ಇಮೇಜನ್ನು ಎಸೆಯುವ ಮೊದಲು ಅದರಿಂದ ಒಂದು ಉಪಯೋಗ ಪಡೆಯಬಹುದು. ಆ ಕರ್ನಲ್ ಡಿವೈಸ್ ಟ್ರೀ ಬಳಸುವುದಿಲ್ಲ, ಬದಲಿಗೆ ಬೋರ್ಡಿನ ವಿವರವನ್ನೆಲ್ಲ ಸ್ಕ್ರಿಪ್ಟ್ ಡಾಟ್ ಬಿನ್ ಎಂಬ ಫೈಲಿನಲ್ಲಿ ಇಟ್ಟಿರುತ್ತದೆ. ಸನ್‌ಕ್ಸಿ-ಟೂಲ್ಸ್ ಪ್ಯಾಕೇಜಿನಲ್ಲಿ ಅದನ್ನು ಓದಬಲ್ಲ ಪಠ್ಯವಾಗಿ ಬಿಡಿಸುವ ಒಂದು ಉಪಕರಣ ಇದೆ, ಬಿನ್‌ಟುಫೆಕ್ಸ್ ಅಂತ. ಬಿಡಿಸಿದರೆ ಎಲ್ಲ ಪಿನ್ನೂ ಸಾಲಾಗಿ ಕಂಡವು: ಎಲ್‌ಇಡಿಗಳು, ಈಥರ್ನೆಟ್ ಕೇಬಲಿನ ಸಿಗ್ನಲ್ ನೋಡಿಕೊಳ್ಳುವ ಫೈ ಚಿಪ್‌ಗೆ ಪವರ್ ಕೊಡುವ ಪಿನ್, ಕಾರ್ಡ್ ಪತ್ತೆಯ ಪಿನ್, ಸಿಪಿಯು ವೋಲ್ಟೇಜ್ ಬದಲಿಸುವ ಚಿಪ್ ಯಾವ ಬಸ್ಸಿನಲ್ಲಿದೆ ಎಂಬುದು. ಕಾರ್ಡ್ ಪತ್ತೆಯ ಪಿನ್ನನ್ನೂ ಎಲ್‌ಇಡಿಗಳನ್ನೂ ಮಲ್ಟಿಮೀಟರಿನಿಂದ ಒಮ್ಮೆ ತಾಳೆ ನೋಡಿದೆ. ಸರಿಯಾಗಿಯೇ ಇತ್ತು.

ಡಿವೈಸ್ ಟ್ರೀ ಪೂರ್ತಿ ಹೊಸದಾಗಿ ಬರೆಯುವ ಅಗತ್ಯ ಬೀಳಲಿಲ್ಲ. ಈ ಬೋರ್ಡಿಗೆ 4.19 ಕರ್ನಲ್ ಕಾಲದಲ್ಲಿ ಯಾರೋ ಪುಣ್ಯಾತ್ಮರು ಒಂದು ಫೈಲ್ ಬರೆದು ಹಂಚಿದ್ದರು. ಅದನ್ನು ಬಿನ್‌ಟುಫೆಕ್ಸ್ ಬಿಡಿಸಿಕೊಟ್ಟ ಫೆಕ್ಸ್ ಪಠ್ಯದ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಪಿನ್ನುಗಳೆಲ್ಲ ಹೊಂದಿದವು. ಕರ್ನಲ್ 6.5ರಿಂದ ಆರ್ಮ್ ಡಿವೈಸ್ ಟ್ರೀ ಫೈಲುಗಳನ್ನು ತಯಾರಕರ ಹೆಸರಿನ ಬೇರೆ ಬೇರೆ ಫೋಲ್ಡರಿಗೆ ಸರಿಸಿದ್ದಾರೆ. ಹಾಗಾಗಿ ಹಳೆಯ ಫೈಲು ಹೊಸ ಸೋರ್ಸಿನಲ್ಲಿ ಕಂಪೈಲ್ ಆಗದಿದ್ದರೆ ಗಾಬರಿ ಬೇಡ, ಅದನ್ನು ಆಲ್‌ವಿನ್ನರ್ ಫೋಲ್ಡರಿನಲ್ಲಿ ಇಟ್ಟರೆ ಸಾಕು.

ಯು-ಬೂಟ್‌ಗೆ ಹತ್ತಿರದ ಬೋರ್ಡಿನ ಡೆಫ್‌ಕಾನ್ಫಿಗ್ ತೆಗೆದುಕೊಂಡು, ಡಿವೈಸ್ ಟ್ರೀ ಹೆಸರು ಬದಲಿಸಿ, 32 ಬಿಟ್ ಆರ್ಮ್‌ನ ಕ್ರಾಸ್ ಕಂಪೈಲರಿನಿಂದ ಕಟ್ಟಿದೆ. ಎಚ್3ಗೆ ಇದು ಸಲೀಸು. 64 ಬಿಟ್ ಆಲ್‌ವಿನ್ನರ್ ಚಿಪ್‌ಗಳಿಗಾದರೆ ಟ್ರಸ್ಟೆಡ್ ಫರ್ಮ್‌ವೇರ್ ಬೇರೆ ಕಟ್ಟಿ ಸೇರಿಸಬೇಕು, ಇಲ್ಲಿ ಅದರ ಗೊಡವೆ ಇಲ್ಲ. ನಿಗಾ ಇಡಬೇಕಾದ್ದು ರ‍್ಯಾಮ್ ವೇಗದ ಮೇಲೆ. ರ‍್ಯಾಮನ್ನು ಎಬ್ಬಿಸುವುದು ಯು-ಬೂಟ್‌ನ ಮೊದಲ ಭಾಗವಾದ ಎಸ್‌ಪಿಎಲ್. ಅಲ್ಲಿ ಕೊಟ್ಟ ಮೆಗಾಹರ್ಟ್ಸ್ ಜಾಸ್ತಿಯಾದರೆ ಬೋರ್ಡು ಬೂಟ್ ಆಗುತ್ತದೆ, ಲಾಗಿನ್ ಆಗುತ್ತದೆ, ಆದರೆ ಯಾವತ್ತೋ ಒಂದು ದಿನ ಅರ್ಥವಿಲ್ಲದ ಎರರ್ ಕೊಟ್ಟು ಬೀಳುತ್ತದೆ. ಬ್ಯಾಕಪ್ ಸರ್ವರಿಗೆ ಅದು ವಿಷ. ನಾನು ಹತ್ತಿರದ ಬೋರ್ಡಿನ ಸಂಖ್ಯೆಗಿಂತ ಒಂದು ಹಂತ ಕೆಳಗಿಟ್ಟೆ, ಮೆಮ್‌ಟೆಸ್ಟರ್ ಅನ್ನು ರಾತ್ರಿಯಿಡೀ ಓಡಿಸಿದೆ. ವೇಗ ಸ್ವಲ್ಪ ಕಡಿಮೆಯಾದರೆ ಆಗಲಿ.

ಎಸ್‌ಡಿ ಕಾರ್ಡಿನಲ್ಲಿ ಯು-ಬೂಟ್ ಕೂರುವ ಜಾಗಕ್ಕೂ ಒಂದು ಲೆಕ್ಕ ಇದೆ. ಚಿಪ್ ಒಳಗಿನ ಬೂಟ್ ರಾಮ್ (ಬದಲಿಸಲಾಗದ ಆರ್‌ಒಎಂ) ಮೊದಲು ಕಾರ್ಡಿನ ಆರಂಭದಿಂದ 8 ಕೆಬಿ ಆಚೆಯ ಜಾಗಕ್ಕೆ ಹೋಗಿ ಎಸ್‌ಪಿಎಲ್ ಹುಡುಕುತ್ತದೆ. ಜಿಪಿಟಿ ಪಾರ್ಟಿಶನ್ ಟೇಬಲ್ ಕೂಡ ಅದೇ ಜಾಗದ ಮೇಲೆ ಹರಡಿಕೊಂಡಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದರೆ ಒಂದು ಹಾಳು. ಹಾಗಾಗಿ ಹಳೆಯ ಎಂಬಿಆರ್ ಟೇಬಲ್ ಹಾಕಿದೆ, ಮೊದಲ ಪಾರ್ಟಿಶನ್ 1 ಎಂಬಿಯ ನಂತರ ಶುರು ಮಾಡಿದೆ, ಡಿಡಿ ಕಮಾಂಡಿನಿಂದ 8 ಕೆಬಿಗೆ ಯು-ಬೂಟ್ ಬರೆದೆ. ಕಾರ್ಡಿನಲ್ಲೂ ಇಎಂಎಂಸಿಯಲ್ಲೂ ಏನೂ ಸಿಗದಿದ್ದರೆ ಈ ಚಿಪ್ ಫೆಲ್ ಎಂಬ ಸ್ಥಿತಿಗೆ ಹೋಗಿ ಯುಎಸ್‌ಬಿ ಓಟಿಜಿ ಪೋರ್ಟಿನಲ್ಲಿ ಕಾಯುತ್ತದೆ. ಅಲ್ಲಿಂದ ಕೇಬಲ್ ಮೂಲಕವೇ ಯು-ಬೂಟ್ ಕಳಿಸಿ ಓಡಿಸಬಹುದು. ಬೂಟ್ ರಾಮ್ ಚಿಪ್‌ನಲ್ಲೇ ಕೊರೆದಿರುವುದರಿಂದ ಸಾಫ್ಟ್‌ವೇರ್ ತಪ್ಪಿನಿಂದ ಈ ಬೋರ್ಡನ್ನು ಕೊಲ್ಲುವುದು ಹೆಚ್ಚುಕಡಿಮೆ ಅಸಾಧ್ಯ. ಆಲ್‌ವಿನ್ನರ್ ಚಿಪ್‌ಗಳಲ್ಲಿ ನನಗೆ ಅತಿ ಇಷ್ಟವಾದ ಗುಣ ಇದು.

ಡೆಬಿಯನ್ 13ರ ಆರ್ಮ್‌ಎಚ್‌ಎಫ್ ರೂಟ್ ಫೈಲ್‌ಸಿಸ್ಟಂ ಅನ್ನು ಡಿಬೂಟ್‌ಸ್ಟ್ರಾಪ್‌ನಿಂದ ಕಟ್ಟಿದೆ. ಕರ್ನಲ್ ಅವರದೇ ಪ್ಯಾಕೇಜು, 6.12. ಡೆಬಿಯನ್ 13 ಆರಿಸಲು ಇನ್ನೊಂದು ಕಾರಣವೂ ಇದೆ. 32 ಬಿಟ್ ಯಂತ್ರಗಳಲ್ಲಿ ಸಮಯದ ಎಣಿಕೆ 2038ರ ಜನವರಿ 19ಕ್ಕೆ ಉಕ್ಕಿ ಹಿಂದಕ್ಕೆ ಹೋಗುತ್ತದೆ. ಡೆಬಿಯನ್ 13 ಆರ್ಮ್‌ಎಚ್‌ಎಫ್‌ನಲ್ಲಿ ಸಮಯವನ್ನು 64 ಬಿಟ್‌ಗೆ ಬದಲಿಸಿದ್ದಾರೆ. ಅಂದರೆ ಎ7 ಕೋರಿನ ಈ ಹಳೆ ಬೋರ್ಡು ಆ ತಾರೀಕನ್ನು ದಾಟಿ ಹೋಗಬಲ್ಲದು.

ಮೊದಲ ಬೂಟ್. ಸೀರಿಯಲ್‌ನಲ್ಲಿ ಎಸ್‌ಪಿಎಲ್ ಬಂತು, ರ‍್ಯಾಮ್ 2048 ಎಂದು ಸರಿಯಾಗಿ ಹೇಳಿತು, ಯು-ಬೂಟ್ ಬಂತು, ಎಕ್ಸ್‌ಟ್‌ಲಿನಕ್ಸ್ ಎಂಬ ಬೂಟ್ ಸೆಟ್ಟಿಂಗ್ ಫೈಲ್ ಓದಿ ಕರ್ನಲ್ ಎತ್ತಿಕೊಂಡಿತು. ರೂಟ್ ಪಾರ್ಟಿಶನ್ ಅನ್ನು ಸಾಧನದ ಸಂಖ್ಯೆಯಿಂದ ಹೇಳದೆ ಯುಯುಐಡಿ ಎಂಬ ಅದರ ಸ್ಥಿರ ಗುರುತಿನಿಂದ ಹೇಳಿದ್ದೆ. ಕಾರ್ಡು, ಇಎಂಎಂಸಿ ಎರಡೂ ಇರುವ ಬೋರ್ಡಿನಲ್ಲಿ ಇದು ಒಳ್ಳೆಯದು, ಯಾಕೆಂದರೆ ಸಂಖ್ಯೆ ಯಾವಾಗಲೂ ಅದೇ ಇರುತ್ತದೆ ಎಂದು ನಂಬಲು ಆಗುವುದಿಲ್ಲ. ಲಾಗಿನ್ ಪ್ರಾಂಪ್ಟ್ ಬಂತು. ನಾಲ್ಕೂ ಕೋರ್ ಇವೆ, ಯುಎಸ್‌ಬಿ ಡಿಸ್ಕ್ ಕಾಣುತ್ತಿದೆ, ಎಲ್‌ಇಡಿ ಮಿನುಗುತ್ತಿದೆ.

ನೆಟ್‌ವರ್ಕ್ ಮಾತ್ರ ಇಲ್ಲ.

ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಪೋರ್ಟಿನ ದೀಪ ಹತ್ತಿದೆ. ಈಥ್‌ಟೂಲ್ ಕಮಾಂಡನ್ನು ಕೇಳಿದರೆ ಲಿಂಕ್ ಇದೆ, 1000 ಮೆಗಾಬಿಟ್, ಫುಲ್ ಡ್ಯುಪ್ಲೆಕ್ಸ್ ಅನ್ನುತ್ತದೆ. ಡ್ರೈವರ್ ಏಳುವಾಗ ಒಂದೂ ದೂರು ಇಲ್ಲ. ಆದರೆ ಐಪಿ ವಿಳಾಸ ತರಬೇಕಾದ ಡಿಎಚ್‌ಸಿಪಿ ಕೇಳುತ್ತಲೇ ಇರುತ್ತದೆ, ಉತ್ತರ ಇಲ್ಲ. ಕೈಯಾರೆ ಐಪಿ ಕೊಟ್ಟು ಪಿಂಗ್ ಮಾಡಿದರೂ ಇಲ್ಲ. ಕೇಬಲ್ ಬದಲಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು ವೇಗ ಇಳಿಸಿದಾಗ. ಈಥ್‌ಟೂಲ್‌ನಿಂದ 100 ಮೆಗಾಬಿಟ್‌ಗೆ ಕಟ್ಟಿಹಾಕಿದ ತಕ್ಷಣ ಪಿಂಗ್ ಓಡಿತು! ಮತ್ತೆ 1000ಕ್ಕೆ ಬಿಟ್ಟರೆ ನಿಂತಿತು. ಅಂದರೆ ಪವರ್ ಸರಿ ಇದೆ, ಪಿನ್ನುಗಳು ಸರಿ ಇವೆ, ಡ್ರೈವರ್ ಸರಿ ಇದೆ. ತಪ್ಪಿರುವುದು ಗಿಗಾಬಿಟ್ ವೇಗದಲ್ಲಿ ಮಾತ್ರ ಕಾಣುವ ಏನೋ ಒಂದು. ಅಂಥದ್ದು ಸಾಮಾನ್ಯವಾಗಿ ಟೈಮಿಂಗ್.

ಎರಡನೆಯ ಸುಳಿವಿಗೆ ಹಳೆಯ 4.19 ಕರ್ನಲ್ ಕಟ್ಟಿ, ಅದಕ್ಕೂ ಇದೇ ಡಿವೈಸ್ ಟ್ರೀ ಬೈನರಿಯನ್ನೇ ಕೊಟ್ಟೆ, ಒಂದು ಬೈಟೂ ಬದಲಿಸದೆ. ಅಲ್ಲಿ ಗಿಗಾಬಿಟ್ ಸಲೀಸಾಗಿ ಓಡಿತು. ನಕ್ಷೆ ಅದೇ, ಬೋರ್ಡು ಅದೇ, ಕರ್ನಲ್ ಬೇರೆ. ಹಾಗಾದರೆ ನಡುವೆ ಕರ್ನಲ್‌ನಲ್ಲಿ ಏನೋ ಬದಲಾಗಿದೆ. ಬೋರ್ಡಿನ ಮೇಲಿರುವ ಫೈ ಚಿಪ್ ರಿಯಲ್‌ಟೆಕ್ ಆರ್‌ಟಿಎಲ್8211ಇ. ಹಾಗಾಗಿ ಹುಡುಕಬೇಕಾದ ಜಾಗವೂ ಚಿಕ್ಕದಾಯಿತು: ರಿಯಲ್‌ಟೆಕ್ ಫೈ ಡ್ರೈವರಿನ ಗಿಟ್ ಇತಿಹಾಸ.

ಅದನ್ನು ಓದುವ ಮೊದಲು ಈ ಟೈಮಿಂಗ್ ಏನು ಅಂತ ಹೇಳಿಬಿಡುತ್ತೇನೆ. ಎಚ್3 ಒಳಗಿನ ಮ್ಯಾಕ್ (ಈಥರ್ನೆಟ್ ನಿಯಂತ್ರಕ) ಮತ್ತು ಹೊರಗಿನ ಫೈ ಚಿಪ್ ನಡುವೆ ಆರ್‌ಜಿಎಂಐಐ ಎಂಬ ತಂತಿಗಳ ಗುಂಪು ಇದೆ. ಗಿಗಾಬಿಟ್‌ನಲ್ಲಿ ಅದರ ಗಡಿಯಾರ 125 ಮೆಗಾಹರ್ಟ್ಸ್, ಅಂದರೆ ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಡೇಟಾ ಗಡಿಯಾರದ ಏರುವ ಅಂಚಿನಲ್ಲೂ ಇಳಿಯುವ ಅಂಚಿನಲ್ಲೂ ಹೋಗುತ್ತದೆ, ಹಾಗಾಗಿ ಒಂದೊಂದು ಡೇಟಾಗೆ ಸಿಗುವುದು 4 ನ್ಯಾನೋಸೆಕೆಂಡ್ ಮಾತ್ರ. ಗಡಿಯಾರದ ಅಂಚು ಡೇಟಾ ಬದಲಾಗುವ ಕ್ಷಣಕ್ಕೇ ಬಂದರೆ ಓದುವುದು ಕಸ. ಅಂಚು ನಡುಮಧ್ಯಕ್ಕೆ ಬರಬೇಕು, ಅದಕ್ಕೆ ಗಡಿಯಾರವನ್ನು ಸುಮಾರು 2 ನ್ಯಾನೋಸೆಕೆಂಡ್ ತಡ ಮಾಡಬೇಕು. ಈ ತಡವನ್ನು ಬೋರ್ಡಿನ ತಂತಿಯ ಉದ್ದದಿಂದ ತರಬಹುದು, ಮ್ಯಾಕ್ ಕೊಡಬಹುದು, ಫೈ ಕೊಡಬಹುದು. ಡಿವೈಸ್ ಟ್ರೀಯಲ್ಲಿ ಬರೀ 'ಆರ್‌ಜಿಎಂಐಐ' ಎಂದು ಬರೆದರೆ ಫೈ ತಡ ಕೊಡಬಾರದು ಎಂದರ್ಥ. 'ಆರ್‌ಜಿಎಂಐಐ-ಐಡಿ' ಎಂದರೆ ಹೋಗುವ ದಾರಿಗೂ ಬರುವ ದಾರಿಗೂ ಫೈ ತಾನೇ ತಡ ಸೇರಿಸಬೇಕು. 100 ಮೆಗಾಬಿಟ್‌ನಲ್ಲಿ ಗಡಿಯಾರ 25 ಮೆಗಾಹರ್ಟ್ಸ್, ಸಮಯ ಧಾರಾಳ ಇರುವುದರಿಂದ ತಡ ಇಲ್ಲದಿದ್ದರೂ ನಡೆಯುತ್ತದೆ. ಮೊದಲ ಸುಳಿವಿಗೆ ಇದೇ ಕಾರಣ.

ಈಗ ಇತಿಹಾಸ. 8211ಇ ಚಿಪ್‌ನಲ್ಲಿ ಈ ತಡಕ್ಕೆಂದೇ ಎರಡು ಪಿನ್ ಇವೆ, ಪವರ್ ಬಂದಾಗ ಚಿಪ್ ಅವನ್ನು ನೋಡಿ ತಡ ಹಾಕಬೇಕೋ ಬೇಡವೋ ತೀರ್ಮಾನಿಸುತ್ತದೆ. ನನ್ನ ಬೋರ್ಡಿನಲ್ಲಿ ರೆಸಿಸ್ಟರ್ ಹಾಕಿ ಎರಡನ್ನೂ ಮೇಲಕ್ಕೆ ಕಟ್ಟಿದ್ದಾರೆ, ಅಂದರೆ ತಡ ಬೇಕು. 4.19 ಡ್ರೈವರ್ ಇದನ್ನು ಮುಟ್ಟುತ್ತಲೇ ಇರಲಿಲ್ಲ, ಹಾಗಾಗಿ ಡಿವೈಸ್ ಟ್ರೀಯಲ್ಲಿ ಏನೇ ಬರೆದಿದ್ದರೂ ಪಿನ್ನಿನ ಮಾತೇ ನಡೆಯುತ್ತಿತ್ತು. 2019ರಲ್ಲಿ, 5.2ಕ್ಕೆ, ಡ್ರೈವರಿನಲ್ಲೇ ತಡ ನಿಭಾಯಿಸುವ ಕೋಡ್ ಸೇರಿತು, ಆದರೆ ಅದು ಬರೆಯುತ್ತಿದ್ದ ಬಿಟ್‌ಗಳು ಸರಿಯಾದವಲ್ಲ, ಹಾಗಾಗಿ ಪರಿಣಾಮ ಕಾಣಲಿಲ್ಲ. 2020ರ ಶರತ್ಕಾಲದಲ್ಲಿ ಆ ಬಿಟ್‌ಗಳನ್ನು ಸರಿ ಮಾಡಿದರು. ಅಲ್ಲಿಂದ ಡ್ರೈವರ್ ಡಿವೈಸ್ ಟ್ರೀ ಹೇಳಿದ್ದನ್ನು ನಿಜವಾಗಿ ಪಾಲಿಸತೊಡಗಿತು. ಬರೀ 'ಆರ್‌ಜಿಎಂಐಐ' ಎಂದು ಬರೆದಿದ್ದ ಬೋರ್ಡುಗಳಲ್ಲಿ ತಡವನ್ನು ಆಫ್ ಮಾಡಿತು. ಸರಿಯಾದ ಒಂದು ರಿಪೇರಿಯಿಂದ ಹಲವು ಬೋರ್ಡುಗಳ ನೆಟ್‌ವರ್ಕ್ ಒಟ್ಟಿಗೆ ನಿಂತುಹೋಯಿತು.

ಹತ್ತಿರದ ಬೋರ್ಡುಗಳ ಡಿವೈಸ್ ಟ್ರೀ ಇತಿಹಾಸ ತೆಗೆದು ನೋಡಿದರೆ 2020ರ ಅಕ್ಟೋಬರಿನಲ್ಲಿ ಸಾಲು ಸಾಲಾಗಿ ಒಂದೇ ರೀತಿಯ ಪ್ಯಾಚ್‌ಗಳು, ಒಂದೊಂದು ಬೋರ್ಡಿಗೂ ಒಂದೊಂದು, 'ಆರ್‌ಜಿಎಂಐಐ' ಅನ್ನು 'ಆರ್‌ಜಿಎಂಐಐ-ಐಡಿ' ಮಾಡಿದ್ದು. ಮುಖ್ಯ ಸೋರ್ಸಿನಲ್ಲಿ ಇದ್ದ ಬೋರ್ಡುಗಳಿಗೆ ಆ ರಿಪೇರಿ ತಾನಾಗಿ ತಲುಪಿದೆ. ಹೊರಗೆ ಉಳಿದ ನನ್ನ ಬೋರ್ಡಿನ ಫೈಲನ್ನು ಸರಿ ಮಾಡುವವರು ಯಾರೂ ಇರಲಿಲ್ಲ, ಅದು ಅಲ್ಲಿದೆ ಎಂದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಡಿವೈಸ್ ಟ್ರೀಯನ್ನು ಒಳಗೆ ಸೇರಿಸಿ ಎಂದು ಬಲ್ಲವರು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೇ. ನನ್ನ ಫೈಲಿಗೂ '-id' ಎಂಬ ಮೂರು ಅಕ್ಷರ ಸೇರಿಸಿ ಕಂಪೈಲ್ ಮಾಡಿ ಬೂಟ್ ಮಾಡಿದೆ, ಡಿಎಚ್‌ಸಿಪಿ ಕೂಡಲೇ ಐಪಿ ಕೊಟ್ಟಿತು.

100 ಮೆಗಾಬಿಟ್‌ಗೇ ಕಟ್ಟಿಹಾಕಿ ಸುಮ್ನೆ ಬಿಡಬಹುದಿತ್ತಲ್ಲ ಅಂತ ಕೇಳಬಹುದು. ಆಗ ಸೆಕೆಂಡಿಗೆ 12 ಎಂಬಿ ಕೂಡ ದಾಟುವುದಿಲ್ಲ. ಯುಎಸ್‌ಬಿ 2.0 ಡಿಸ್ಕು 30ರ ಮೇಲೆ ಕೊಡುತ್ತದೆ. ದೊಡ್ಡ ಬ್ಯಾಕಪ್ ಇದ್ದಾಗ ಆ ವ್ಯತ್ಯಾಸ ಗಂಟೆಗಳ ಲೆಕ್ಕ.

ಉಳಿದದ್ದು ಚಿಲ್ಲರೆ ಕೆಲಸ. ಪ್ರತಿ ಬೂಟ್‌ಗೂ ಮ್ಯಾಕ್ ವಿಳಾಸ (ನೆಟ್‌ವರ್ಕ್ ಪೋರ್ಟಿನ ಗುರುತು) ಬದಲಾಗುತ್ತಿತ್ತು. ಡಿವೈಸ್ ಟ್ರೀ ಫೈಲಿನಲ್ಲಿ ಈಥರ್ನೆಟ್0 ಎಂಬ ಅಲಿಯಾಸ್ ಇರಲಿಲ್ಲ. ಅದಿದ್ದರೆ ಯು-ಬೂಟ್ ಚಿಪ್‌ನ ಸೀರಿಯಲ್ ಸಂಖ್ಯೆಯಿಂದ ಒಂದು ಸ್ಥಿರ ವಿಳಾಸ ಮಾಡಿ ಕರ್ನಲ್‌ಗೆ ದಾಟಿಸುತ್ತದೆ. ಒಂದು ಸಾಲು ಸೇರಿಸಿದ್ದಕ್ಕೆ ಸರಿಹೋಯಿತು. ಸಿಪಿಯು ವೋಲ್ಟೇಜ್ ಚಿಪ್‌ನ ನೋಡನ್ನು (ಡಿವೈಸ್ ಟ್ರೀಯಲ್ಲಿ ಅದರ ವಿವರದ ತುಣುಕು) ಸೇರಿಸಿ ಸಿಪಿಯುಗೆ ಜೋಡಿಸಿದ ಮೇಲೆ ವೇಗವೂ ವೋಲ್ಟೇಜೂ ಕೆಲಸ ನೋಡಿಕೊಂಡು ಏರಿಳಿಯತೊಡಗಿದವು, ಖಾಲಿ ಕೂತಾಗ ಬೋರ್ಡು ಮುಟ್ಟಿದರೆ ಬಿಸಿ ಅನ್ನಿಸುವುದಿಲ್ಲ. ಹೀಟ್ ಸಿಂಕ್ ಆದರೂ ಅಂಟಿಸಿ, ಎಚ್3 ಬಿಸಿಯಾಗುವ ಚಿಪ್. ವೈಫೈ ಚಿಪ್‌ಗೆ ಮುಖ್ಯ ಕರ್ನಲ್‌ನಲ್ಲಿ ಡ್ರೈವರ್ ಇಲ್ಲ. ಹೊರಗಿನ ಡ್ರೈವರ್ ಸಿಗುತ್ತದೆ, ಆದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದನ್ನು ಮತ್ತೆ ಕಟ್ಟುತ್ತಾ ಕೂರಬೇಕು. ಕೇಬಲ್ ಇರುವ ಸರ್ವರಿಗೆ ಅದು ಬೇಡ, ಬಿಟ್ಟೆ.

ಎಲ್ಲ ಸರಿ ಎನ್ನಿಸಿದ ಮೇಲೆ ಸಿಸ್ಟಂ ಅನ್ನು ಎಸ್‌ಡಿ ಕಾರ್ಡಿನಿಂದ ಇಎಂಎಂಸಿಗೆ ವರ್ಗಾಯಿಸಿದೆ, ಯು-ಬೂಟ್ ಅಲ್ಲೂ ಅದೇ 8 ಕೆಬಿ ಜಾಗಕ್ಕೆ. ಸಿಸ್ಟಂ ನಿಂತುಹೋದರೆ ರೀಬೂಟ್ ಮಾಡುವ, ಚಿಪ್‌ನಲ್ಲೇ ಇರುವ ವಾಚ್‌ಡಾಗನ್ನು ಸಿಸ್ಟಂಡಿಯಿಂದ ಚಾಲೂ ಮಾಡಿದೆ. ಬ್ಯಾಕಪ್ ಮಾಡುವ ಆರ್‌ಸಿಂಕ್ ಓಡುತ್ತಿರುವಾಗಲೇ ಕರ್ನಲ್ ಅನ್ನು ಬೇಕೆಂದೇ ಪ್ಯಾನಿಕ್ ಮಾಡಿಸಿ ನೋಡಿದೆ, ಬೋರ್ಡು ತಾನೇ ರೀಬೂಟ್ ಆಗಿ ಬಂತು, ಫೈಲ್‌ಸಿಸ್ಟಂ ಸರಿಯಾಗಿತ್ತು.

ಈಗ ಈ ಫೈಲನ್ನು ಮುಖ್ಯ ಕರ್ನಲ್‌ಗೆ ಸೇರಿಸುವ ಪ್ಯಾಚ್ ಕೆಲಸ ನಡೆದಿದೆ. ಹೊಸ ಬೋರ್ಡಾದರೆ ಎರಡು ಪ್ಯಾಚ್ ಬೇಕು: ಮೊದಲನೆಯದು ಸನ್‌ಕ್ಸಿ (ಆಲ್‌ವಿನ್ನರ್) ಬೋರ್ಡುಗಳ ಪಟ್ಟಿ ಇರುವ ಬೈಂಡಿಂಗ್ ಫೈಲಿಗೆ ಹೆಸರು ಸೇರಿಸುವುದು, ಎರಡನೆಯದು ಡಿವೈಸ್ ಟ್ರೀ. ಮೂಲ ಫೈಲ್ ಬರೆದವರ ಒಪ್ಪಿಗೆ ಕೇಳಿ ಅವರ ಸೈನ್-ಆಫ್ ಪಡೆದೆ, ಅವರ ಕೆಲಸ ಅವರ ಹೆಸರಲ್ಲೇ ಹೋಗಬೇಕು. ಡಿವೈಸ್ ಟ್ರೀ ಪರೀಕ್ಷಿಸುವ ಡಿಟಿಬಿಎಸ್ ಚೆಕ್ ಓಡಿಸಿದಾಗ ಎರಡು ಕಡೆ ನೋಡ್ ಹೆಸರು ನಿಯಮಕ್ಕೆ ಹೊಂದಿಲ್ಲ ಎಂದು ಎಚ್ಚರಿಸಿತು, ಬದಲಿಸಿದೆ. ಪರಿಶೀಲಿಸಿದವರು ಒಂದೇ ಒಂದು ವಿಷಯ ಎತ್ತಿದರು: ಇನ್‌ಫ್ರಾರೆಡ್ ನೋಡ್ ಸೇರಿಸಿದ್ದೀರಲ್ಲ, ಅದನ್ನು ರಿಮೋಟ್ ಹಿಡಿದು ಪರೀಕ್ಷಿಸಿದ್ದೀರಾ ಅಂತ. ಅದು ಫೆಕ್ಸ್‌ನಲ್ಲಿ ಇತ್ತು, ನನ್ನ ಹತ್ತಿರ ರಿಮೋಟ್ ಇಲ್ಲ. ಆ ನೋಡ್ ತೆಗೆದು ಎರಡನೇ ಆವೃತ್ತಿ ಕಳಿಸಿದ್ದೇನೆ. ಯು-ಬೂಟ್ ಕೂಡ 2024ರಿಂದ ಕರ್ನಲ್‌ನ ಡಿವೈಸ್ ಟ್ರೀ ಫೈಲುಗಳನ್ನೇ ತನ್ನೊಳಗೆ ತಂದುಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದೆ. ಹಾಗಾಗಿ ಇದು ಕರ್ನಲ್‌ಗೆ ಸೇರಿದ ಮೇಲೆ ಅಲ್ಲಿಗೆ ಡೆಫ್‌ಕಾನ್ಫಿಗ್ ಒಂದನ್ನು ಕಳಿಸುವುದು ಬಾಕಿ. ಇದೇ ಬೋರ್ಡು ಇದ್ದು ರಿಮೋಟೂ ಇರುವವರು ಯಾರಾದರೂ ಆ ಇನ್‌ಫ್ರಾರೆಡ್ ನೋಡನ್ನು ಪರೀಕ್ಷಿಸಿ ಪ್ಯಾಚ್ ಕಳಿಸಿದರೆ ನಾನು ಖುಷಿಯಿಂದ ನೋಡಿ ಹೇಳುತ್ತೇನೆ.